ಒಂಬತ್ತು ಬಾವಿ, ಏಳು ಕೋಲು

ನಲವತ್ತೇಳನೆಯ ಇಸವಿಯ ಬೇಸಿಗೆ. ಹತ್ತಿ ಕಂಪನಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕ ಉಮೇದಿನಲ್ಲಿ ರಾರಾವಿಯ ಪಾಲಯ್ಯ ಬಳ್ಳಾರಿಗೆ ಬಂದಿಳಿದ. ಬಾಡಿಗೆ ಕೋಣೆ ಹುಡುಕುತ್ತ ಕಂಟೋನ್ಮೆಂಟ್ ಮೈದಾನದ ಅಂಚಿಗೆ ಬಂದವನು ಅಲ್ಲೊಂದು ನೋಟ ಕಂಡು ನಿಂತುಬಿಟ್ಟ. ಉರಿಬಿಸಿಲಿನಲ್ಲಿ ಒಬ್ಬ ಬಿಳಿಯ ದೊರೆ ಕೈಯಲ್ಲಿ ಕೋಲು ಹಿಡಿದು, ನೆಲವನ್ನೇ ದಿಟ್ಟಿಸುತ್ತ ನಡೆಯುತ್ತಿದ್ದ. ಹಿಂದೆ ಒಬ್ಬ ಸಾಬರು ಚೀಲದ ತುಂಬ ಕೋಲು ಹೊತ್ತು ಬರುತ್ತಿದ್ದರು. ದೊರೆ ಒಂದು ಕಡೆ ನಿಲ್ಲುವುದು, ಆ ಕೋಲು ಬೇಡ ಈ ಕೋಲು ಕೊಡು ಎಂದು ಬದಲಿಸುವುದು, ನೆಲಕ್ಕೆ ಒಂದು ಬಡಿಯುವುದು, ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡುವುದು, ಮತ್ತೆ ನಡೆಯುವುದು. ಕೊನೆಗೆ ಕೆಂಪು ಬಾವುಟ ನೆಟ್ಟ ಜಾಗದಲ್ಲಿ ಇಬ್ಬರೂ ಬಗ್ಗಿ ಒಂದು ತೂತಿನೊಳಗೆ ಇಣುಕಿದರು. ದೊರೆ ಬೇಸರದಿಂದ ತಲೆ ಅಲ್ಲಾಡಿಸಿ ಮುಂದಿನ ಬಾವುಟದ ಕಡೆ ಹೊರಟ. (ಚೆಂಡು ಪಾಲಯ್ಯನ ಕಣ್ಣಿಗೆ ಬೀಳಲಿಲ್ಲ. ಅಷ್ಟು ದೂರದಿಂದ ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ.)

ಪಾಲಯ್ಯ ಹೊಳೆ ದಂಡೆಯ ಊರಿನವನು. ಬಳ್ಳಾರಿಯಲ್ಲಿ ನೀರಿಗೆ ಬರ ಎಂದು ಕೇಳಿದ್ದ. ಕೋಲು ಹಿಡಿದು ನೆಲದೊಳಗಿನ ನೀರು ಪತ್ತೆ ಹಚ್ಚುವವರು ಇದ್ದಾರೆ ಎಂದೂ ಕೇಳಿದ್ದ. ಎರಡನ್ನೂ ಕೂಡಿಸಲು ಅವನ ಬುದ್ಧಿಗೆ ಅರೆ ನಿಮಿಷ ಸಾಕಾಯಿತು. ಸರ್ಕಾರ ಬಾವಿ ತೋಡಿಸುತ್ತಿದೆ. ಎರೆ ನೆಲಕ್ಕೊಂದು, ಗರಸಿಗೊಂದು, ಕಲ್ಲು ನೆಲಕ್ಕೊಂದು ಎಂದು ಬೇರೆ ಬೇರೆ ಕೋಲು ಇಟ್ಟಿದ್ದಾರೆ. ನೀರು ಸಿಕ್ಕ ಕಡೆ ಬಾವುಟ ನೆಟ್ಟಿದ್ದಾರೆ. ಬಾವುಟ ಎಣಿಸಿದ. ಒಂಬತ್ತು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಮೈದಾನಕ್ಕೆ ತೀರ ಹತ್ತಿರದ ಕೋಣೆಯೊಂದನ್ನು ಆ ಹೊತ್ತೇ ಗೊತ್ತುಮಾಡಿದ. ಆ ವರ್ಷವೇ ಕುರುಗೋಡಿನ ಪಾರಮ್ಮನ ಜೊತೆ ಮದುವೆ ನಿಶ್ಚಯವಾದಾಗ, ಊರಲ್ಲಿ ನೀರು ಹೇಗೆ ಎಂದು ಮಾವ ಉಚ್ಚೆಂಗೆಪ್ಪ ವಿಚಾರಿಸಿದ್ದಕ್ಕೆ ಮನೆಯೆದುರಿಗೇ ಒಂಬತ್ತು ಬಾವಿ ಆಗುತ್ತವೆ ಎಂದು ಗಂಭೀರವಾಗಿ ಹೇಳಿದ. ಮಾವ ಖುಷಿಯಾಗಿ ಮಗಳ ಸಾಮಾನಿನ ಜೊತೆ ತಾನೇ ಕೂತು ಹೊಸೆದ ಹನ್ನೆರಡು ಮಾರಿನ ಹೊಸ ಹಗ್ಗವನ್ನೂ ಕಟ್ಟಿ ಕಳಿಸಿದ.

ಮೈದಾನದಲ್ಲಿ ನಡೆಯುತ್ತಿರುವುದು ಗಾಲ್ಫ್ ಎಂಬ ಆಟ ಎಂದು ಪಾಲಯ್ಯನಿಗೆ ತಿಳಿಯುವ ಹೊತ್ತಿಗೆ ಅಕ್ಕಿಕಾಳು ಬಿದ್ದಾಗಿತ್ತು. ಆಫೀಸಿನಲ್ಲಿ ಅವನೇ ಈ ಕಥೆ ಹೇಳಿ, ಎಲ್ಲರಿಗಿಂತ ಮೊದಲು ನಗುತ್ತಿದ್ದ. ಮನೆಯಲ್ಲಿ ಮಾತ್ರ ಎಂದೂ ಆ ಮಾತು ಎತ್ತಿದವನಲ್ಲ. ಪಾರಮ್ಮನೂ ಎತ್ತಲಿಲ್ಲ. ಹಗ್ಗವನ್ನು ಬಾಗಿಲ ಹಿಂದಿನ ಗೂಟಕ್ಕೆ ಸುತ್ತಿ ತೂಗುಹಾಕಿದಳು. ನಾಲ್ಕು ವರ್ಷ ಅದು ಅಲ್ಲಿಯೇ ಇತ್ತು. ಬಾಗಿಲು ಹಾಕಿದಾಗಲೆಲ್ಲ ಪಾಲಯ್ಯನ ಎದುರು ನಿಲ್ಲುತ್ತಿತ್ತು.

ನೀರು ಬರುತ್ತಿದ್ದದ್ದು ಓಣಿಯ ತುದಿಯ ನಳದಲ್ಲಿ, ಬೆಳಗಿನ ಜಾವ ಒಂದು ಗಳಿಗೆ. ಪಾರಮ್ಮನ ಕೊಡಕ್ಕೆ ಸಾಲಿನಲ್ಲಿ ಮಾಸುಮಾಬಿಯ ಕೊಡದ ಹಿಂದಿನ ಜಾಗ ಖಾಯಂ ಆಗಿತ್ತು. ಮಾಸುಮಾಬಿಯ ಮನೆಯಲ್ಲಿ ಹನ್ನೊಂದು ಜನ. ಅವಳ ಸರದಿ ಮುಗಿಯುವ ಹೊತ್ತಿಗೆ ನಳ ಸೀನತೊಡಗುತ್ತಿತ್ತು.

ನಲವತ್ತೆಂಟರಲ್ಲಿ ಕಂಪನಿಯ ಬಿಳಿ ಮ್ಯಾನೇಜರು ಬಳ್ಳಾರಿ ಬಿಟ್ಟ. ಹೋಗುವ ಮುನ್ನ ತನ್ನ ಸಾಮಾನನ್ನು ಸಿಬ್ಬಂದಿಗೆ ಹಂಚಿದ. ಹೆಡ್ ಕ್ಲಾರ್ಕಿಗೆ ಒರಗುಕುರ್ಚಿ ಬಂತು, ಗುಮಾಸ್ತ ಚಂದ್ರಣ್ಣನಿಗೆ ಗೋಡೆ ಗಡಿಯಾರ ಬಂತು. ಪಾಲಯ್ಯ ಟಪಾಲು ಹಾಕಲು ಹೋಗಿದ್ದವನು ವಾಪಸು ಬಂದಾಗ ಉಳಿದದ್ದು ಒಂದು ಹರಕು ಕ್ಯಾನ್ವಾಸ್ ಚೀಲ, ಅದರಲ್ಲಿ ಏಳು ಗಾಲ್ಫ್ ಕೋಲು. ಹಿಕರಿ ಎಂಬ ಸೀಮೆ ಮರದ ಹಿಡಿ, ಕೈಯಿಂದ ಕುಟ್ಟಿ ಮಾಡಿದ ಕಬ್ಬಿಣದ ತಲೆ. ಮೂರಕ್ಕೆ ಮಾತ್ರ ಮರದ ತಲೆ. ದೊರೆಯ ಅಪ್ಪನ ಕಾಲದವಂತೆ. ಮನೆಗೆ ತಂದಾಗ ಪಾರಮ್ಮ ಒಂದೊಂದನ್ನೇ ತೂಗಿ ನೋಡಿ, ಯಾವುದಕ್ಕೂ ಹರಿತವಿಲ್ಲ ಎಂದು ತೀರ್ಪು ಕೊಟ್ಟು, ಉದ್ದನೆಯದನ್ನು ಬಟ್ಟೆ ಒಣಹಾಕುವ ಹಗ್ಗ ಎತ್ತಲು ಇಟ್ಟುಕೊಂಡು, ಮಿಕ್ಕವನ್ನು ಬೀಸುಕಲ್ಲಿನ ಹಿಂದೆ ತಳ್ಳಿದಳು.

ಮೂರು ವರ್ಷ ಅವು ಅಲ್ಲಿಯೇ ಧೂಳು ತಿನ್ನುತ್ತಿದ್ದವು. ಪಾಲಯ್ಯನನ್ನೂ ಕೋಲನ್ನೂ ಎಬ್ಬಿಸಿದ್ದು ಐವತ್ತೊಂದರ ಬೇಸಿಗೆ.

ಆ ಬೇಸಿಗೆ ಸಿರುಗುಪ್ಪದ ಹತ್ತಿ ಡಿಪೋಗೆ ಬಳ್ಳಾರಿಯಿಂದ ಒಬ್ಬನನ್ನು ಕಳಿಸಬೇಕು ಎಂದು ಮದರಾಸಿನಿಂದ ಕಾಗದ ಬಂತು. ಹೋಗಬೇಕಾದವನು ಚಂದ್ರಣ್ಣ, ಇಲ್ಲವೆ ಪಾಲಯ್ಯ. ಯಾರು ಎಂಬುದನ್ನು ಹೊಸ ಮ್ಯಾನೇಜರು ಚಿನ್ನಪ್ಪನವರು ಎರಡು ವಾರದೊಳಗೆ ತೀರ್ಮಾನಿಸಬೇಕು. ವರ್ಗದ ಹುಕುಮನ್ನು ಟೈಪು ಮಾಡಬೇಕಾದವನು ಪಾಲಯ್ಯನೇ. ಗಲ್ಲಿಗೆ ಏರುವವನು ಹಗ್ಗವನ್ನೂ ತಾನೇ ಹೊಸೆಯಬೇಕಾದ ಅವಸ್ಥೆ ಎಂದು ಅವನು ಕ್ಯಾಂಟೀನಿನಲ್ಲಿ ಹೇಳಿ ನಗಿಸಿದ. ಅವನಿಗೆ ಬಳ್ಳಾರಿ ಬೇಕು. ಸಂಜೆ ಸ್ಟೇಷನ್ನಿನಲ್ಲಿ ಗುಂತಕಲ್ಲಿನ ರೈಲು ಬರುವುದನ್ನು ಸುಮ್ಮನೆ ನೋಡಬೇಕು, ಕಾಫಿ ಹೋಟೆಲಿನಲ್ಲಿ ಕೂತು ಮದರಾಸಿನ ಪೇಪರು ಓದಬೇಕು, ವಾರಕ್ಕೊಂದು ಸಿನೆಮಾ ಬೇಕು. ಸಿರುಗುಪ್ಪದಲ್ಲಿ ಏನಿದೆ? ಎತ್ತು, ಭತ್ತ, ಎಂಟು ಗಂಟೆಗೆ ಕತ್ತಲೆ.

ಈ ಭೀತಿಯನ್ನೆಲ್ಲ ಅವನು ರೊಟ್ಟಿ ತಿನ್ನುತ್ತ ಪಾರಮ್ಮನ ಮುಂದೆ ತೋಡಿಕೊಂಡ. ಡಿಪೋದವರು ಕೊಡುವ ಮನೆಗೆ ಎರಡು ಕೋಣೆಯಂತೆ, ಹಿತ್ತಲಂತೆ, ಹಿತ್ತಲಲ್ಲಿ ಬಾವಿಯಂತೆ, ಆ ಹಿತ್ತಲನ್ನು ಇಟ್ಟುಕೊಂಡು ತಾನು ಏನು ಮಾಡಲಿ ಎಂದು ಹಲುಬಿದ. ಪಾರಮ್ಮ ಇನ್ನೊಂದು ರೊಟ್ಟಿ ಹಾಕುತ್ತ ಒಂದೇ ಮಾತು ಕೇಳಿದಳು.

"ನೀರು ಎಷ್ಟು ಮಾರಿಗೆ ಅದಾವಂತ?"

ಎಂಟೋ ಹತ್ತೋ ಇರಬೇಕು ಎಂದ ಪಾಲಯ್ಯ, ಹೆಂಗಸರ ತಲೆ ಎಲ್ಲಿ ಹೋಗುತ್ತದೆ ನೋಡು ಎಂದುಕೊಂಡು, ಮತ್ತೆ ಸ್ಟೇಷನ್ನಿನ ವರ್ಣನೆಗೆ ತಿರುಗಿದ.

ಮ್ಯಾನೇಜರು ಚಿನ್ನಪ್ಪನವರು ಆದೋನಿಯವರು. ಅರ್ಧ ತೆಲುಗು, ಅರ್ಧ ಕನ್ನಡ, ಮಧ್ಯೆ ಕೆಮ್ಮು. ಮದರಾಸಿನ ಆಫೀಸಿನಲ್ಲಿ ಮೂರು ತಿಂಗಳು ಇದ್ದಾಗ ಯಾರೋ ಅವರಿಗೆ ಗಾಲ್ಫ್ ಹಚ್ಚಿ ಕಳಿಸಿದ್ದರು. ಹದಿನಾಲ್ಕು ಉಕ್ಕಿನ ಕೋಲು ತಂದಿದ್ದರು. ಕನ್ನಡಿಯ ಹಾಗೆ ಹೊಳೆಯುವ ಕೋಲು, ಮೇಲೆ ಎರಡರಿಂದ ಒಂಬತ್ತರವರೆಗೆ ನಂಬರು. ಆದರೆ ಆಡಲು ಜೊತೆ ಇರಲಿಲ್ಲ. ಬಿಳಿಯರು ಹಡಗು ಹತ್ತಿದ್ದರು; ಊರಿನ ವಕೀಲರಿಗೆ ಇಸ್ಪೀಟಿನ ಆಚೆ ಆಟವಿರಲಿಲ್ಲ. ಒಂದು ಮಧ್ಯಾಹ್ನ ಅವರು ಕಾಗದಕ್ಕೆ ರುಜು ಹಾಕುತ್ತ, ಈ ಊರಲ್ಲಿ ಗಾಲ್ಫ್ ಕೋಲು ಇರುವ ಗಂಡಸು ಒಬ್ಬನೂ ಇಲ್ಲವಲ್ಲ ಎಂದು ನಿಟ್ಟುಸಿರುಬಿಟ್ಟರು. ಪಾಲಯ್ಯನ ಬಾಯಿ, ಅವನನ್ನು ಕೇಳದೆಯೇ, "ನನ್ನ ಹತ್ರ ಅದಾವ ಸಾರ್" ಎಂದಿತು. ಆಡಲು ಬರುತ್ತದೆಯೇ ಎಂದದ್ದಕ್ಕೆ "ಸ್ವಲ್ಪ" ಎಂದಿತು. (ಸ್ವಲ್ಪ ಎಂಬುದು ಬಹಳ ಉಪಕಾರಿ ಮಾತು. ಸೊನ್ನೆಯೂ ಅದರೊಳಗೆ ಕೂತುಕೊಳ್ಳುತ್ತದೆ.) ಮುಂದಿನ ಭಾನುವಾರದ ಆಚೆಯ ಭಾನುವಾರ ಬೆಳಿಗ್ಗೆ ಆಟ ಎಂದು ನಿಶ್ಚಯವಾಯಿತು. ವರ್ಗದ ಹುಕುಮು ಅದರ ಮರುದಿನ.

ಪಾಲಯ್ಯನ ಯೋಜನೆ ಸರಳವಾಗಿತ್ತು. ಒಂಬತ್ತು ಗುಳಿಯ ಆಟ. ಏಳರಲ್ಲಿ ಸೋಲುವುದು, ಒಂದೋ ಎರಡೋ ಗೆದ್ದು ಸಾಹೇಬರಿಗೆ ಬಿಸಿ ತಟ್ಟಿಸುವುದು, ಕೊನೆಗೆ ಅವರ ಬೆನ್ನ ಹಿಂದೆ ನಿಂತು ಶಹಬ್ಬಾಸ್ ಎನ್ನುವುದು. ಹೀಗೆ ಸೋಲುವ ಜೊತೆಗಾರನನ್ನು ಯಾವ ಮ್ಯಾನೇಜರು ತಾನೆ ಸಿರುಗುಪ್ಪಕ್ಕೆ ಅಟ್ಟುತ್ತಾನೆ? ಆದರೆ ಸೋಲುವುದಕ್ಕೂ ಮೊದಲು ಚೆಂಡಿಗೆ ಕೋಲು ತಾಕಬೇಕಲ್ಲ. ಅದಕ್ಕಾಗಿ ಅವನು ಹಳೆಯ ದೊರೆಯ ಕೋಲು ಹೊರುತ್ತಿದ್ದ ದಾವಲಸಾಬರನ್ನು ಹುಡುಕಿ ಮನೆಗೆ ಕರೆತಂದ.

ದಾವಲಸಾಬರು ಚೀಲವನ್ನು ಕಂಡವರೇ ಹಳೆಯ ಗೆಳೆಯರು ಸಿಕ್ಕ ಹಾಗೆ ಒಂದೊಂದನ್ನೇ ಹೆಸರು ಹಿಡಿದು ಕರೆದು ಹೊರಗೆ ತೆಗೆದರು. ಇದು ಕ್ಲೀಕ್, ಇದು ಮಾಶಿ, ಈ ಅಗಲ ಮೋರೆಯದು ನಿಬ್ಲಿಕ್, ಇದು ಪಟರ್. ಮರದ ತಲೆಯ ದೊಡ್ಡದು ಬ್ರಾಸಿ, ಪಕ್ಕದವು ಅದರ ತಮ್ಮಂದಿರು. ಮ್ಯಾನೇಜರ ಹೊಸ ಕೋಲಿನ ಮಾತು ಬಂದಾಗ ಅವರ ತುಟಿ ಕೊಂಕಿತು.

"ಅವಕ್ಕೇನೈತಿ, ಅಲ್ಲೀಪುರ ಜೈಲಿನ ಕೈದಿಗಳಂಗ ಬರೇ ನಂಬರ್. ಅವನ್ನ ಯಾರು ಬೀಸಿದ್ರೂ ಹೊಡಿತಾವ. ಈ ಹಳೇವು ಹಂಗಲ್ಲ. ಈ ಕಟ್ಟಿಗಿ ಬಾಗ್ತೈತಿ, ತಿರುವ್ತೈತಿ, ಆಮ್ಯಾಲ ಹೊಡಿತೈತಿ. ನೀವು ಅದರ ಸಂಗಡ ಕಾಯಬೇಕು. ಗಡಿಬಿಡಿ ಮಾಡಿದ್ರಿ, ಚೆಂಡು ಒಂದು ಕಡಿ, ನೀವು ಒಂದು ಕಡಿ."

ಗಡಿಬಿಡಿ ಬಿಡು ಎಂದು ಪಾಲಯ್ಯನಿಗೆ ಹೇಳುವುದೂ ಒಂದೇ, ನೊಣಕ್ಕೆ ಕೈಕಟ್ಟಿ ಕೂತುಕೋ ಎನ್ನುವುದೂ ಒಂದೇ. ಆ ಎರಡು ವಾರ ಅವನು ನಿಂತಲ್ಲಿ ನಿಲ್ಲಲಿಲ್ಲ. ಎಂಟಡಿ ಹತ್ತಡಿಯ ಕೋಣೆಯಲ್ಲಿ ಬ್ರಾಸಿ ಬೀಸಿ ನೆಲುವಿನ ಮಡಕೆಗಳನ್ನು ಉರುಳಿಸಿದ. ಚೆಂಡಿನ ಬದಲು ಉಳ್ಳಾಗಡ್ಡಿ ಹೊಡೆದ. ಆ ದಿನಗಳಲ್ಲಿ ಪಲ್ಯಕ್ಕೆ ಹೆಚ್ಚುವ ಕೆಲಸವೇ ಪಾರಮ್ಮನಿಗೆ ಬೀಳಲಿಲ್ಲ, ಗೋಡೆಯಿಂದ ಕೆರೆದು ಒಗ್ಗರಣೆ ಹಾಕಿದರೆ ಸಾಕಿತ್ತು. ಆಫೀಸಿನಲ್ಲಿ ಟೈಪು ಮಾಡುತ್ತಲೇ ಮೊಣಕಾಲು ಮಡಿಸಿ ಭುಜ ತಿರುಗಿಸುತ್ತಿದ್ದ. ಒಂದು ಕಾಗದದಲ್ಲಿ ನಲವತ್ತು ಹತ್ತಿ ಹೊರೆಯ ಬದಲು ನಾನೂರು ಹೊರೆ ಬಿತ್ತು. ಇದರಿಂದ ಗುಂತಕಲ್ಲಿನಲ್ಲಿ ಒಂದು ಇಡೀ ಗೂಡ್ಸ್ ಗಾಡಿ ಕಾಯುತ್ತ ನಿಂತಿತು.

ಇದೆಲ್ಲವನ್ನೂ ಪಾರಮ್ಮ ಸಹಿಸಿದಳು. ಸಹಿಸದೆ ಇದ್ದದ್ದು ನೀರಿನ ಲೆಕ್ಕ. ದಾವಲಸಾಬರ ಪ್ರಕಾರ ಹಳೆಯ ಆಟಕ್ಕೆ ಹೊಸಬರ ಹಾಗೆ ಕಟ್ಟಿಗೆಯ ಮೊಳೆ ನೆಟ್ಟು ಅದರ ಮೇಲೆ ಚೆಂಡು ಇಡುವಂತಿಲ್ಲ. ಒದ್ದೆ ಮರಳನ್ನು ಚಿಮುಟಿ ಸಣ್ಣ ಗೋಪುರ ಮಾಡಿ, ಅದರ ತುದಿಗೆ ಇಡಬೇಕು. ಪಾಲಯ್ಯ ದಿನಕ್ಕೆ ಐವತ್ತು ಗೋಪುರ ಕಟ್ಟಿದ. ದಿನಕ್ಕೆ ನಾಲ್ಕು ಚೆಂಬು ನೀರು. ಅದೂ ಹೋಗಲಿ ಎಂದರೆ, ಬಳ್ಳಾರಿಯ ಬಿಸಿಲಿಗೆ ಹಿಕರಿ ಒಣಗಿ ಸೊರಗಿ ಕಬ್ಬಿಣದ ತಲೆಗಳು ಗಿಲಕಿಯ ಹಾಗೆ ಅಲ್ಲಾಡುತ್ತಿದ್ದವು. ಸಲಿಕೆಯ ಕಾವು ಸಡಿಲಾದರೆ ರೈತ ಏನು ಮಾಡುತ್ತಾನೋ ಅದನ್ನೇ ದಾವಲಸಾಬರು ಹೇಳಿದರು: ಒಂದಿಡೀ ದಿನ ನೀರಲ್ಲಿ ನೆನೆಹಾಕು, ಕಟ್ಟಿಗೆ ಉಬ್ಬಿ ಬಿಗಿಯುತ್ತದೆ. ಆಮೇಲೆ ಕಬ್ಬಿಣಕ್ಕೆ ಬೂದಿ ಹಚ್ಚಿ ತಿಕ್ಕು, ಕಟ್ಟಿಗೆಗೆ ಅಗಸಿ ಎಣ್ಣೆ ಹಚ್ಚು.

ಹೊರಡುವಾಗ ಹೊಸ್ತಿಲಲ್ಲಿ ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದರು. "ಒಂದು ನೆನಪಿಡ್ರಿ. ಕಬ್ಬಿಣದ ಅಂಚಿಗೆ ಸಾಣಿ ಮಾತ್ರ ಮುಟ್ಟಿಸಬ್ಯಾಡ್ರಿ. ಮೊಂಡ ಇರೋದಾ ಅದರ ಗುಣ. ಹರಿತ ಆತಂದ್ರ ಚೆಂಡು ಹಾರೋದಿಲ್ಲ, ಸೀಳ್ತೈತಿ."

ಒಲೆಯ ಮುಂದೆ ಕೂತಿದ್ದ ಪಾರಮ್ಮ ಊದುಕೊಳವೆ ಕೆಳಗಿಟ್ಟು ಈ ಮಾತನ್ನು ಪೂರ್ತಿ ಕೇಳಿದಳು. ಹೆಂಡತಿಗೂ ಆಟದ ರುಚಿ ಹತ್ತಿತು ಎಂದು ಪಾಲಯ್ಯನಿಗೆ ಹಿಗ್ಗಾಯಿತು.

ಮರುದಿನ ನಳದಿಂದ ನಾಲ್ಕನೆಯ ಕೊಡ ಹೊತ್ತು ಒಳಗೆ ಬಂದವಳಿಗೆ, ಕುಡಿಯುವ ನೀರಿನ ಹಂಡೆಯಲ್ಲಿ ನಾಲ್ಕು ಗಾಲ್ಫ್ ಕೋಲು ತಲೆಕೆಳಗಾಗಿ ನಿಂತಿರುವುದು ಕಂಡಿತು. ನೀರಿನ ಮೇಲೆ ತುಕ್ಕು ತೇಲುತ್ತಿತ್ತು. ಅವಳು ಕೊಡ ಇಳಿಸಲಿಲ್ಲ. ಹೊತ್ತುಕೊಂಡೇ ನಿಂತಿದ್ದಳು.

"ಇದು ಏನ್ರಿ?"

"ನೆನಿಹಾಕೀನಿ. ನಾಳಿ ಬೆಳಿಗ್ಗಿ ತನಕ ಅಷ್ಟಾ."

"ನಾಳಿ ತನಕ ನಾವು ಏನು ಕುಡಿಯೋದು?"

ಮನುಷ್ಯನ ಬಾಳಿನಲ್ಲಿ ಕೆಲವು ಸಲ ಒಂದು ದಿನದ ಬಾಯಾರಿಕೆಗಿಂತ ದೊಡ್ಡ ವಿಚಾರಗಳು ಬರುತ್ತವೆ ಎಂದು ಪಾಲಯ್ಯ ವಿವರಿಸಲು ಹೊರಟ. ತಾನು ಇಷ್ಟೆಲ್ಲ ಒದ್ದಾಡುತ್ತಿರುವುದು ಯಾರಿಗಾಗಿ, ಇಬ್ಬರೂ ಬಳ್ಳಾರಿಯಲ್ಲೇ ಉಳಿಯಲಿ ಎಂದಲ್ಲವೇ ಎಂದ. ಇಲ್ಲಿ ಉಳಿಯುವುದು ಅವಳಿಗೆ ಬೇಕೋ ಬೇಡವೋ ಎಂದು ಕೇಳಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಅವಳೂ ಹೇಳಲಿಲ್ಲ. ಹೊತ್ತ ಕೊಡ ಇಳಿಸಿ, ಹಂಡೆಯ ನೀರನ್ನು ಬಚ್ಚಲಿಗೆ ಸುರಿದು, ಇನ್ನೊಂದು ಖಾಲಿ ಕೊಡ ಎತ್ತಿಕೊಂಡು ಮತ್ತೆ ನಳದ ಕಡೆ ಹೋದಳು.

ಆಮೇಲೆ ಅವಳಲ್ಲಿ ಒಂದು ಬದಲಾವಣೆ ಕಂಡಿತು. ವಾರದ ನಡುವೆ ಪಾಲಯ್ಯ ಆಫೀಸಿನಿಂದ ಬಂದಾಗ ಕಬ್ಬಿಣದ ನಾಲ್ಕರಲ್ಲಿ ಮೂರು ಕೋಲು ಕಾಣಲಿಲ್ಲ. ಪಟರ್ ಒಂದೇ ಮೂಲೆಗೆ ಒರಗಿತ್ತು. ಅಪ್ಪ ಸಂತೆಗೆ ಬಂದಿದ್ದ, ತಲಿ ಸಡಿಲಾಗ್ಯಾವ ಅಂದೆ, ಕುರುಗೋಡಿನಾಗ ಬೆಣಿ ಹೊಡಿಸಿ ಕಳಿಸ್ತೀನಿ ಅಂತ ಒಯ್ದ ಎಂದಳು. ಶನಿವಾರ ಸಂಜೆಯ ಬಸ್ಸಿಗೆ ಕೋಲು ವಾಪಸು ಬಂದವು. ತಲೆಗಳನ್ನು ಒದ್ದೆ ಗೋಣಿ ತಟ್ಟಿನಲ್ಲಿ ಸುತ್ತಿ ಬಿಗಿಯಾಗಿ ಹೊಲಿದಿತ್ತು. ಬಿಚ್ಚಿದರೆ ಕಟ್ಟಿಗೆ ಮತ್ತೆ ಒಣಗುತ್ತದೆ, ಹೊಡೆಯುವ ಹೊತ್ತಿಗೆ ಮೈದಾನದಲ್ಲಿಯೇ ಬಿಚ್ಚಿ ಎಂದು ಪಾರಮ್ಮ ಎರಡು ಸಲ ಹೇಳಿದಳು. ಪಾಲಯ್ಯನ ಕಣ್ಣು ಒದ್ದೆಯಾಯಿತು. ಇಂಥ ಹೆಂಡತಿಯ ಕುಡಿಯುವ ನೀರಿನಲ್ಲಿ ತಾನು ತುಕ್ಕು ಕಲಸಿದೆನಲ್ಲ ಎಂದು ಮರುಗಿದ.

ಭಾನುವಾರ ಬೆಳಿಗ್ಗೆ ಮೈದಾನ ಆಗಲೇ ಹೆಂಚಿನ ಹಾಗೆ ಕಾಯುತ್ತಿತ್ತು. ಗುಳಿಗಳ ಸುತ್ತ ಹುಲ್ಲು ಇರಬೇಕಾದ ಕಡೆ ಮರಳಿಗೆ ಮಿಲ್ಲಿನ ಎಂಜಿನ್ನಿನ ಹಳೆಯ ಎಣ್ಣೆ ಕಲಸಿ ಅಂಗಳದ ಹಾಗೆ ಸಾರಿಸಿದ್ದರು. ಮೈದಾನದ ಆಚೆ ಎರೆ ಹೊಲ. ಬಿಸಿಲಿಗೆ ಬಿರಿದು, ಕೈ ಹೋಗುವಷ್ಟು ಅಗಲದ ಸೀಳುಗಳು. ಚಿನ್ನಪ್ಪನವರು ಬಿಳಿ ಟೋಪಿ, ಬಿಳಿ ಬೂಟು, ಹದಿನಾಲ್ಕು ಕೋಲಿನ ಚರ್ಮದ ಚೀಲದ ಸಮೇತ ಬಂದರು. ಮೂರು ಹೊಸ ಚೆಂಡು ತಂದಿದ್ದರು. ಸೀಮೆಯ ಮಾಲು, ಮದರಾಸಿನಲ್ಲೂ ಸಿಗುವುದು ಕಷ್ಟ ಎಂದು ಹೇಳಿ, ಒಂದನ್ನು ಪಾಲಯ್ಯನ ಅಂಗೈಯಲ್ಲಿ ಹಸುಗೂಸಿನ ಹಾಗೆ ಇಟ್ಟರು. ಪಾಲಯ್ಯನ ಚೀಲವನ್ನು ಕಂಡು ಮಾತ್ರ ನಗು ತಡೆಯದೆ, "ಏಮಯ್ಯಾ, ಇವು ಗಾಲ್ಫ್ ಆಡೋಕಾ, ದನ ಕಾಯೋಕಾ?" ಎಂದರು. ಸೋಲಲು ಬಂದವನಿಗೆ ಇದಕ್ಕಿಂತ ಶುಭಶಕುನ ಇನ್ನೇನು ಬೇಕು.

ಮೊದಲ ಏಟು ಸಾಹೇಬರದು. ಉಕ್ಕಿನ ಕೋಲು ಸುಯ್ಯೆಂದಿತು. ಚೆಂಡು ಕೋಟೆಗುಡ್ಡದ ತುದಿಯನ್ನೂ ಮೀರಿ ಹೋಯಿತೇನೋ ಎಂಬಷ್ಟು ಎತ್ತರ ಏರಿ, ಸೊಗಸಾಗಿ ಬಾಗಿ, ಸೀದಾ ಎರೆ ಹೊಲಕ್ಕೆ ಇಳಿಯಿತು. ಕೋಲು ಹೊರಲು ಬಂದಿದ್ದ ದಾವಲಸಾಬರು ಹೋಗಿ, ಒಂದು ಬಿರುಕಿಗೆ ತೋಳು ಇಳಿಸಿ ತಡಕಾಡಿ, ಬರಿಗೈಯಲ್ಲಿ ಬಂದರು. ಭೂಮಿತಾಯಿ ಮೊದಲ ಚೆಂಡನ್ನು ನುಂಗಿದ್ದಳು.

ಪಾಲಯ್ಯ ಮರಳಿನ ಗೋಪುರ ಕಟ್ಟಿ ಚೆಂಡು ಇಟ್ಟ. ಬ್ರಾಸಿ ಎತ್ತಿದ. ಹುಟ್ಟಿದಾಗಿನಿಂದ ಗಡಿಬಿಡಿಯವನಾದ ಅವನು ಅಂದು ಮೊದಲ ಬಾರಿಗೆ ಭಯಕ್ಕೆ ನಿಧಾನವಾಗಿಬಿಟ್ಟ. ಹಿಕರಿ ಬಾಗಿತು, ಒಂದು ಕ್ಷಣ ಕಾಯಿತು, ತಿರುಗಿತು, ಟಪ್ಪೆಂದಿತು. ಚೆಂಡು ಮೊಣಕಾಲೆತ್ತರಕ್ಕೂ ಏಳಲಿಲ್ಲ. ನೆಲ ಹಿಡಿದು, ಗಟ್ಟಿ ಗರಸಿನ ಮೇಲೆ, ಹಬ್ಬಕ್ಕೆ ತವರಿಗೆ ಹೊರಟವಳ ಹಾಗೆ ಹಿಂತಿರುಗಿ ನೋಡದೆ ಓಡಿತು. ಬಾವುಟದ ಬುಡಕ್ಕೆ ಹೋಗಿ ನಿಂತಿತು. ಪಟರಿನಿಂದ ಒಮ್ಮೆ ತಟ್ಟಿದ್ದಕ್ಕೆ ಗುಳಿಗೆ ಬಿದ್ದಿತು. ಪಾಲಯ್ಯ ಗೆದ್ದಿದ್ದ. ಸಾಹೇಬರ ಮುಖ ಬಿಗಿಯಿತು.

ಎರಡನೆಯ ಗುಳಿಯಲ್ಲಿ ಹೇಗಾದರೂ ಸೋಲಲೇಬೇಕೆಂದು ಪಾಲಯ್ಯ ಬೇಕೆಂದೇ ಎಡಕ್ಕೆ ಹೊಡೆದ. ಚೆಂಡು ಒಂದು ಗುಂಡುಕಲ್ಲಿಗೆ ಬಡಿದು ಬಲಕ್ಕೆ ಚಿಮ್ಮಿ ಮತ್ತೆ ಬಾವುಟದ ಹತ್ತಿರವೇ ಬಂತು. ಇತ್ತ ಸಾಹೇಬರ ಎರಡನೆಯ ಚೆಂಡು ಜಾಲಿ ಪೊದೆಯ ಪಕ್ಕದ ಕುಳಿಗೆ ಬಿದ್ದಿತು. ಅವರು ಒಂಬತ್ತನೆಯ ನಂಬರು ತೆಗೆದರು, ಇಟ್ಟರು. ಎಂಟು ತೆಗೆದರು, ಇಟ್ಟರು. ನೆಲದಲ್ಲೇ ಓಡುವ ಈ ಊರಿನ ಆಟಕ್ಕೆ ಆಕಾಶದಲ್ಲಿ ಆಡುವ ಕೋಲು ಒಗ್ಗುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ತಿರುಗಿ ಪಾಲಯ್ಯನ ಚೀಲದ ಕಡೆ ನೋಡಿದರು. ಆ ನೋಟದಲ್ಲಿ ಆಸೆ ಇತ್ತು.

"ಪಾಲಯ್ಯ, ಆ ಹಳೇದು ಒಂದು ಕೊಡಯ್ಯಾ. ಅಗಲ ಮೋರೆದು."

ಪಾಲಯ್ಯನಿಗೆ ಸ್ವರ್ಗದ ಬಾಗಿಲೇ ತೆರೆದಂತಾಯಿತು. ತನ್ನ ಕೋಲಿನಿಂದಲೇ ಸಾಹೇಬರು ಗೆದ್ದರೆ ಸಿರುಗುಪ್ಪದ ಭೂತ ಇನ್ನು ತನ್ನ ತಂಟೆಗೆ ಬರಲಾರದು. ಓಡಿಹೋಗಿ ನಿಬ್ಲಿಕ್ ತೆಗೆದ. ಗೋಣಿ ತಟ್ಟಿನ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಬಿಚ್ಚಿ, ನೋಡಲೂ ವ್ಯವಧಾನವಿಲ್ಲದೆ, ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಒಪ್ಪಿಸಿದ. ಬಿಸಿಲಿನಲ್ಲಿ ಕಬ್ಬಿಣದ ಅಂಚು ಬೆಳ್ಳಗೆ ಮಿಂಚಿದ್ದನ್ನು ಕಂಡವರು ದಾವಲಸಾಬರೊಬ್ಬರೇ. ಅವರು "ಸಾಬ್" ಎಂದು ಬಾಯಿ ತೆರೆಯುವಷ್ಟರಲ್ಲಿ ಚಿನ್ನಪ್ಪನವರು ಬೀಸಿಯಾಗಿತ್ತು.

ಕಚಕ್ ಎಂದಿತು. ತೆಂಗಿನಕಾಯಿ ಒಡೆದ ಸದ್ದಲ್ಲ. ಹಸಿ ಕುಂಬಳಕಾಯಿಗೆ ಮಚ್ಚು ಇಳಿದ ಸದ್ದು. ಸೀಮೆಯ ಚೆಂಡು ಅರ್ಧದವರೆಗೂ ಸೀಳಿತು. ಅದರೊಳಗೆ ಮೈಲುಗಟ್ಟಲೆ ರಬ್ಬರ್ ದಾರ ಬಿಗಿದು ಸುತ್ತಿರುತ್ತದೆ ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ದಾರಕ್ಕೆ ಗೊತ್ತಿತ್ತು. ಎಷ್ಟೋ ವರ್ಷದಿಂದ ಉಸಿರು ಬಿಗಿಹಿಡಿದು ಕೂತಿದ್ದ ಆ ದಾರ ಬಿಡುಗಡೆ ಸಿಕ್ಕಿದ್ದೇ ತಡ ಬುಸುಬುಸು ಬಿಚ್ಚತೊಡಗಿತು. ಚೆಂಡು ಜೀವ ಬಂದ ಇಲಿಮರಿಯ ಹಾಗೆ ಅತ್ತ ಜಿಗಿಯಿತು, ಇತ್ತ ಜಿಗಿಯಿತು, ಸಾಹೇಬರ ಬೂಟಿಗೆ ಮೂರು ಸುತ್ತು ಹಾಕಿ, ಪಂಚೆ ಉಟ್ಟ ದಾವಲಸಾಬರ ಕಾಲಸಂದಿನಲ್ಲಿ ನುಸುಳಿ, ಜಾಲಿ ಪೊದೆಯನ್ನು ಸುತ್ತಿ ಬಂದು, ಕೊನೆಗೆ ಹುಣಸೆಬೀಜದಷ್ಟಾಗಿ ಅಂಗಾತ ಬಿತ್ತು. ನಿಬ್ಲಿಕ್ ಮಾತ್ರ ನೆಲದೊಳಗೆ ಅರ್ಧಕ್ಕೆ ನೆಟ್ಟು, ಹೊಲ ಅಗೆಯುವ ಸಲಿಕೆಯ ಹಾಗೆ ತಾನೇ ತಾನಾಗಿ ನಿಂತಿತ್ತು.

ಚಿನ್ನಪ್ಪನವರು ಅದನ್ನು ಕಿತ್ತು, ಹೆಬ್ಬೆರಳಿನಿಂದ ಅಂಚು ಸವರಿದರು. ರಕ್ತ ಬಂತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕೇಳಿದರು.

"ಇದರಲ್ಲಿ ಗಡ್ಡ ಹೆರಕೋತೀಯಾ ಪಾಲಯ್ಯ?"

ಉಳಿದ ಏಳು ಗುಳಿ ಯಾರೂ ಆಡಲಿಲ್ಲ. ವಾಪಸು ಬರುವಾಗ ದಾವಲಸಾಬರು, ನಾನು ಹೊಸ್ತಿಲಾಗ ನಿಂತು ಹೇಳಿದ್ದೆ, ನಿಮ್ಮ ಮನಿಯಾಗ ಎಲ್ಲರೂ ಕೇಳ್ಯಾರ ಎಂದಷ್ಟೇ ಗೊಣಗಿದರು. ಪಾಲಯ್ಯನ ತಲೆಗೆ ಆ ಮಾತು ಇಳಿಯಲಿಲ್ಲ. ಅವನು ಇಡೀ ದಿನ ಮಾವನನ್ನು ಬೈದ. ಬೆಣೆ ಹೊಡೆಸು ಎಂದರೆ ಸಾಣೆಯನ್ನೂ ಹಿಡಿಸಿದ ಹಳ್ಳಿಯ ಔದಾರ್ಯವನ್ನು ಬೈದ. ಕೊಟ್ಟ ಹತಾರವನ್ನು ಮೊಂಡಾಗಿಯೇ ಹಿಂತಿರುಗಿಸಲು ನಾಚುವ ಕುರುಗೋಡಿನ ಕಮ್ಮಾರರ ಕುಲವನ್ನೇ ಬೈದ. ಪಾರಮ್ಮ ಹೂಂಗುಟ್ಟುತ್ತ ಅಕ್ಕಿ ಆರಿಸುತ್ತಿದ್ದಳು.

ಸೋಮವಾರ ಚಿನ್ನಪ್ಪನವರು ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಮೇಜಿನ ಮೇಲಿಟ್ಟು ಹುಕುಮು ಹೇಳಿ ಬರೆಸಿದರು. ಸಿಟ್ಟಿನ ಮಾತು ಒಂದೂ ಇರಲಿಲ್ಲ. ಪಾಲಯ್ಯ ತನ್ನ ಹೆಸರನ್ನು, ತನ್ನ ಹುದ್ದೆಯನ್ನು, ಸಿರುಗುಪ್ಪ ಎಂಬ ಶಬ್ದವನ್ನು ಒಂದೇ ಒಂದು ತಪ್ಪಿಲ್ಲದೆ ಟೈಪು ಮಾಡಿದ. ಅವನ ವೃತ್ತಿಜೀವನದಲ್ಲಿ ಅಷ್ಟು ಚೊಕ್ಕ ಕಾಗದ ಅದೊಂದೇ. ರುಜು ಹಾಕುತ್ತ ಸಾಹೇಬರು, ಡಿಪೋ ಅಂಗಳದ ತುಂಬ ಮುಳ್ಳು ಬೆಳೆದಿದೆಯಂತೆ, ನಿನ್ನ ಕೋಲನ್ನೂ ತಪ್ಪದೆ ತಗೊಂಡು ಹೋಗು ಎಂದರು.

ವಾರದೊಳಗೆ ಮಾವ ಉಚ್ಚೆಂಗೆಪ್ಪ ಎತ್ತಿನ ಬಂಡಿ ಹೂಡಿಕೊಂಡು ಸಾಮಾನು ಸಾಗಿಸಲು ಬಂದ. ಪಾಲಯ್ಯ ಮುಖ ಊದಿಸಿಕೊಂಡು ಬೀಸುಕಲ್ಲು ಹೊರಿಸುತ್ತಿದ್ದವನು, ತಡೆಯಲಾರದೆ, ನಿಮ್ಮ ಸಾಣೆಯಿಂದ ನನ್ನ ಬಾಳು ಸಿರುಗುಪ್ಪವಾಯಿತು ಎಂದುಬಿಟ್ಟ. ಮುದುಕ ಬಂಡಿಯ ಮೇಲಿನಿಂದ ಬಗ್ಗಿ ನೋಡಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ನಾನ್ಯಾಕ ಹಿಡಸಲಿ ಅಳಿಯಂದ್ರ? ಬೆಣಿ ಸಾಕು ಅಂತ ನಾ ಕೋಲು ಎತ್ತಿಕೊಂಡಿದ್ದೆ. ಪಾರಿ ಓಡಿ ಬಂದು ಬಸ್ಸಿನ ಕಿಡಕ್ಯಾಗ ಹೇಳಿದ್ಲು, ಸಾಣಿ ಮರಿಬ್ಯಾಡಪ್ಪ, ಕೂದಲು ಸೀಳೂವಂಗ ಹಿಡಸು ಅಂತ. ಕಮ್ಮಾರ ಅರ್ಧ ದಿನ ಕುಂತ ನೋಡ್ರಿ."

ಪಾಲಯ್ಯನ ತಲೆಯಲ್ಲಿ ಊದುಕೊಳವೆ ಕೆಳಗಿಟ್ಟ ಕೈ, ಹೊಲಿದ ಗೋಣಿ ತಟ್ಟು, ಎರಡು ಸಲ ಹೇಳಿದ ಎಚ್ಚರಿಕೆ ಎಲ್ಲ ಒಂದರ ಹಿಂದೆ ಒಂದು ಬಂದು ನಿಂತವು. ಒಳಗೆ ಹೋದ. ಕೋಣೆ ಖಾಲಿಯಾಗಿತ್ತು. ಪಾರಮ್ಮ ಬಾಗಿಲ ಹಿಂದಿನ ಗೂಟದಿಂದ ನಾಲ್ಕು ವರ್ಷದ ಹೊಸ ಹಗ್ಗವನ್ನು ಇಳಿಸಿ, ಧೂಳು ಜಾಡಿಸಿ, ಮೊಣಕೈಗೆ ಸುತ್ತುತ್ತಿದ್ದಳು.

ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಕೊನೆಗೆ ಕೇಳಿದ.

"ಪಾರಿ, ಬೇಕಂತನಾ ಸಾಣಿ ಹಿಡಸಿದಿ ಏನು?"

ಅವಳು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಹೌದ್ರಿ, ಬೇಕಂತನಾ ಹಿಡಸೀನಿ. ನೀವು ಒಂಬತ್ತು ಬಾವಿ ತೋರಿಸಿದ್ರಿ. ನನಗ ಒಂದಾ ಸಾಕು, ನೀರಿರೋದು."